ದೇವರ ಮನೆಯ ಹೊಸ ಟೈರು

ನಲವತ್ತೆಂಟು ವರ್ಷದ ಹೆಂಗಸು ಹಳೆಯ ಟೈರುಗಳ ರಾಶಿಯ ನಡುವೆ ನಿಂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ? ನನ್ನ ಶೆಡ್ಡಿನ ಕೆಲಸಗಾರ ಅರ್ಧನಾರಿ ಸ್ವಲ್ಪ ದಿನ ಸಹಿಸಿಕೊಂಡ. ಆಮೇಲೆ ಒಂದು ಬೆಳಿಗ್ಗೆ, ಸವೆದ ಟೈರೊಂದನ್ನು ಉಜ್ಜುವ ಯಂತ್ರಕ್ಕೆ ಏರಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದ.

"ಅಕ್ಕಾ, ಸಂಕಗಿರಿ ಗಾಡಿ ಬರೋದು ನಾಳೆ. ಇವತ್ತೇ ಎಲ್ಲಾ ಹಾಡಿಬಿಟ್ರೆ ನಾಳೆಗೆ ಗಂಟಲು ಉಳಿಯಲ್ಲ."

ನಾನು ಬೈಯಲು ಬಾಯಿ ತೆರೆದೆ. ಬಂದದ್ದು ನಗು.

ನಾಮಕ್ಕಲ್ಲಿನಿಂದ ತಿರುಚೆಂಗೋಡಿಗೆ ಹೋಗುವ ದಾರಿಯಲ್ಲಿ ನನ್ನ ರಿಟ್ರೆಡ್ ಶೆಡ್ಡು. ಲಾರಿಯವರು ಸವೆದ ಟೈರು ತಂದು ಹಾಕುತ್ತಾರೆ. ಒಳಗಿನ ಮೈ ಗಟ್ಟಿಯಿದೆಯೇ ಎಂದು ತಟ್ಟಿ, ತಡವಿ ನೋಡಿ, ಹಳೆಯ ರಬ್ಬರನ್ನು ಉಜ್ಜಿ ತೆಗೆದು, ಹೊಸ ರಬ್ಬರಿನ ಪಟ್ಟಿ ಸುತ್ತಿ, ದೊಡ್ಡ ಉಗಿಕೋಣೆಯಲ್ಲಿ ಬೇಯಿಸಿ ಕೊಡುತ್ತೇವೆ. ಶೆಡ್ಡು ನನ್ನ ಗಂಡನದು. ಒಂಬತ್ತು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಇದನ್ನು ಮಾರಿಬಿಡು ಎಂದವರೇ ಎಲ್ಲ. ಮಾರಿ ಮನೆಯಲ್ಲಿ ಕೂತು ಏನು ಮಾಡಲಿ? ಹಾಗಾಗಿ ಬೋರ್ಡಿನಲ್ಲಿ ಅವರ ಹೆಸರು ಅಳಿಸಿ ನನ್ನ ಹೆಸರು ಬರೆಸಿದೆ. ಮರಗದಂ ಟೈರ್ಸ್. ಬೇಯಿಸುವಾಗ ಪ್ರತಿ ಟೈರಿನ ಪಕ್ಕೆಗೂ ಆ ಹೆಸರಿನ ಪುಟ್ಟ ಅಚ್ಚು ಒತ್ತುತ್ತೇವೆ. ಟೈರು ಎಲ್ಲಾದರೂ ಕೈಕೊಟ್ಟರೆ ಯಾರನ್ನು ಹಿಡಿಯಬೇಕೆಂದು ಗೊತ್ತಿರಲಿ ಎಂದು. ಆ ಅಚ್ಚೇ ನನ್ನ ಗುಟ್ಟನ್ನು ಬಯಲು ಮಾಡುತ್ತದೆಂದು ಯಾರಿಗೆ ಗೊತ್ತಿತ್ತು?

ಸಂಕಗಿರಿ ಗಾಡಿ ಎಂದರೆ ನಾಚಿಮುತ್ತು ಅವರ ಗಾಡಿ. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಅಕ್ಕನ ಲಾರಿಗಳಲ್ಲಿ ಒಂದನ್ನು ತಾವೇ ಓಡಿಸುತ್ತಾರೆ. ಬೇರೆ ಚಾಲಕರು ಟೈರು ಬಿಸಾಕಿ ಟೀ ಕುಡಿಯಲು ಹೋಗುತ್ತಿದ್ದರು. ಇವರು ನಾನು ಟೈರು ತಟ್ಟುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ಕೇಳಿದರು, ಅದು ಏನು ಹೇಳುತ್ತೆ ನಿಮಗೆ ಎಂದು. ಮೈ ಚೆನ್ನಾಗಿದ್ದರೆ ಗಂಟೆಯ ಹಾಗೆ ನುಡಿಯುತ್ತದೆ, ಒಳಗೆ ಪದರ ಬಿಟ್ಟಿದ್ದರೆ ನೆಗಡಿ ಹಿಡಿದವರ ಹಾಗೆ ಎಂದೆ. ಅವರು ಸ್ವಲ್ಪ ಯೋಚಿಸಿ, ತಮ್ಮ ಎದೆಯನ್ನು ತೋರಿಸಿದರು.

"ಹಂಗಾದ್ರೆ ಇದನ್ನೂ ಒಂದ್ಸಲ ತಟ್ಟಿ ನೋಡಿ. ಹಳೇ ಮಾಲು. ಇನ್ನೊಂದು ಸುತ್ತು ಓಡುತ್ತಾ ಅಂತ ತಿಳೀಬೇಕಿತ್ತು."

ನಾನು ಸುತ್ತಿಗೆ ಕೆಳಗಿಟ್ಟು ಟೈರಿನ ರಾಶಿಯ ಮೇಲೆ ಕೂತುಬಿಟ್ಟೆ. ಅಷ್ಟು ನಗು. ಒಂಬತ್ತು ವರ್ಷದಿಂದ ಎಲ್ಲಿ ಅಡಗಿ ಕೂತಿತ್ತೋ. ಈರೋಡಿನಲ್ಲಿ ನರ್ಸ್ ಆಗಿರುವ ನನ್ನ ಮಗಳು ಆ ವಾರ ಫೋನಿನಲ್ಲಿ, "ಅಮ್ಮಾ, ನಿನ್ನ ದನಿ ಬದಲಾಗಿದೆ. ಏನಾದ್ರೂ ಇದ್ರೆ ಹೇಳು, ನಾನೇನೂ ಬೈಯಲ್ಲ" ಎಂದಳು. ಹೇಳಿದೆ. ಬೈಯಲಿಲ್ಲ. ಮೊದಲು ಒಂದು ಒಳ್ಳೆಯ ಸೀರೆ ತಗೋ ಎಂದಳು.

ಮಾಂಬಳದ, ಒಣಗಿಸಿದ ಮಾವಿನ ರಸದ ಬಣ್ಣದ ಸೀರೆ ತಗೊಂಡೆ. ಬೀರುವಿನಲ್ಲಿಟ್ಟು ದಿನಕ್ಕೊಮ್ಮೆ ತೆರೆದು ನೋಡುತ್ತಿದ್ದೆ.

ತೊಡಕು ಇದ್ದದ್ದು ಒಂದೇ. ನಾಚಿಮುತ್ತು ಅವರನ್ನು ತಾಯಿಯ ಹಾಗೆ ಸಾಕಿ ಬೆಳೆಸಿದ್ದು ಅವರ ಅಕ್ಕ ಪಾವಾಯಿ. ಆಕೆಯ ಒಪ್ಪಿಗೆಯಿಲ್ಲದೆ ಅವರು ಮದುವೆಯಾಗುವವರಲ್ಲ. ಹಾಗೆ ಆಗುವವರಾಗಿದ್ದರೆ ನನಗೂ ಅವರು ಬೇಕಿರಲಿಲ್ಲ. ಮತ್ತು ಪಾವಾಯಿ ಅಕ್ಕ ತನ್ನ ಗಂಡ ತೀರಿಕೊಂಡ ಮೇಲೆ ಲಾರಿಗಳನ್ನು ತಾನೇ ನಡೆಸುತ್ತಿದ್ದ ಹೆಂಗಸು. ಆಕೆಯ ಕಟ್ಟಳೆ, ತನ್ನ ಯಾವ ಗಾಡಿಗೂ ರಿಟ್ರೆಡ್ ಹಾಕಕೂಡದು. ನಾಚಿಮುತ್ತು ನನ್ನ ಹತ್ತಿರ ಟೈರು ತರುತ್ತಿದ್ದದ್ದು ಅಕ್ಕನಿಗೆ ತಿಳಿಯದ ಹಾಗೆ. ಹೆಣ್ಣು ಮತ್ತು ಟೈರು, ಎರಡನ್ನೂ ಒಬ್ಬಳೇ ಅಕ್ಕನಿಂದ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದರು ಪಾಪ.

ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಲಾರಿಗಳನ್ನು ಮದುಮಕ್ಕಳ ಹಾಗೆ ಮೀಯಿಸುತ್ತಾರೆ. ಚಕ್ರಚಕ್ರಕ್ಕೂ ಗಂಧ ಬಳಿದು ಕುಂಕುಮ ಇಡುವುದು ಯಜಮಾನಿಯ ಕೆಲಸ. ಪಾವಾಯಿ ಅಕ್ಕ ತಮ್ಮನ ಗಾಡಿಯ ಹಿಂದಿನ ಚಕ್ರಕ್ಕೆ ಗಂಧ ಬಳಿಯುತ್ತ ಬಗ್ಗಿದವಳು ಅಲ್ಲಿ ನನ್ನ ಹೆಸರು ಓದಿದಳು. ಪಕ್ಕದ ಚಕ್ರದಲ್ಲೂ ಓದಿದಳು. ಆಚೆ ಬದಿಗೆ ಹೋದಳು, ಅಲ್ಲಿಯೂ ಮರಗದಂ. ಆ ರಾತ್ರಿ ತಮ್ಮನನ್ನು ಕೂರಿಸಿಕೊಂಡು ಕೇಳಿದಾಗ ಎರಡು ಗುಟ್ಟೂ ಹೊರಬಿದ್ದವು.

ಮರುದಿನವೇ ಬಸ್ಸಿಳಿದು ನನ್ನ ಶೆಡ್ಡಿಗೆ ಬಂದಳು. ಅರುವತ್ತರ ಹತ್ತಿರದ ಹೆಂಗಸು, ನೆಟ್ಟನೆಯ ಬೆನ್ನು, ಕಂಕುಳಲ್ಲಿ ಹಳದಿ ಕೈಚೀಲ.

"ನೀನೇನಾ ಮರಗದಂ?"

"ಹೌದಕ್ಕಾ. ಬನ್ನಿ, ಕೂತ್ಕೊಳ್ಳಿ."

"ಎಲ್ಲಿ ಕೂರ್ಲಿ? ಎಲ್ಲಿ ನೋಡಿದ್ರೂ ಸವೆದಿರೋದೇ ಇದೆ." ಸವೆದದ್ದರ ಮೇಲೆಯೇ ಕೂತಳು. ಕೊಟ್ಟ ಮಜ್ಜಿಗೆ ಕುಡಿದಳು. ಕುಡಿದು, ಬಾಯಿ ಒರೆಸಿಕೊಂಡು, "ನೋಡು ಅಮ್ಮಿಣಿ, ಮುಖಕ್ಕೆ ಹೇಳಿಬಿಡ್ತೀನಿ. ಒಂದೇ ವರ್ಷ ಎರಡೆರಡು ಹಳೇದನ್ನ ಮನೆ ತುಂಬಿಸ್ಕೊಳ್ಳೋಕೆ ನಂಗಾಗಲ್ಲ" ಎಂದಳು.

ಅಮ್ಮಿಣಿ ಎಂದು ನಮ್ಮ ಕಡೆ ಮಗಳಂಥವಳನ್ನು ಕರೆಯುವುದು. ಬೈಗುಳದ ನಡುವೆಯೂ ಆಕೆಯ ಬಾಯಿಂದ ಆ ಮಾತು ಹೊರಟಿತಲ್ಲ ಎಂದು ನನ್ನ ಮನಸ್ಸು ಅದನ್ನೇ ಹಿಡಿದುಕೊಂಡಿತು. ಪ್ರೀತಿಯಲ್ಲಿ ಬಿದ್ದವರಿಗೆ ಮಾನ ಕಡಿಮೆ.

ಆಕೆ ಟೈರಿನ ವಿಷಯದಿಂದ ಶುರುಮಾಡಿದಳು. ರಿಟ್ರೆಡ್ ಹಾಕಿ ಓಡಿಸುವುದು ಕಾನೂನಿಗೆ ವಿರುದ್ಧ, ಹಿಡಿದರೆ ಪರ್ಮಿಟ್ಟೇ ಹೋಗುತ್ತದೆ, ತನ್ನ ಗಂಡ ಇದ್ದಿದ್ದರೆ ಇಂಥದ್ದು ನಡೆಯುತ್ತಿರಲಿಲ್ಲ ಎಂದಳು. ನಾನು ತಾಳ್ಮೆಯಿಂದ ಹೇಳಿದೆ. ಬೋಳಾದ ಟೈರು ಓಡಿಸಿದರೆ ತಪ್ಪು, ನೂಲು ಹೊರಬಂದ ಟೈರು ಓಡಿಸಿದರೆ ತಪ್ಪು. ಮೈ ಗಟ್ಟಿಯಿರುವ ಟೈರಿಗೆ ಸರಿಯಾಗಿ ರಬ್ಬರು ಕಟ್ಟಿದರೆ ತಪ್ಪಲ್ಲ. ಮುಂದಿನ ಚಕ್ರಕ್ಕೆ ಮಾತ್ರ ಎಷ್ಟು ಕೇಳಿದರೂ ನಾನು ಕಟ್ಟಿಕೊಡುವುದಿಲ್ಲ. ಹಿಂದೆ ಜೋಡಿಚಕ್ರ, ಒಂದು ಹೋದರೆ ಇನ್ನೊಂದು ಹೊರುತ್ತದೆ. ಮುಂದಿನದು ಒಡೆದರೆ ಸ್ಟೀರಿಂಗ್ ಚಾಲಕನ ಮಾತು ಕೇಳುವುದಿಲ್ಲ. ಇದು ಯಾವ ಕಾಯಿದೆ ಓದಿ ಕಲಿತದ್ದೂ ಅಲ್ಲ, ಈ ದಾರಿಯಲ್ಲಿ ಶೆಡ್ಡು ಇಟ್ಟವರೆಲ್ಲ ನಡೆಸಿಕೊಂಡು ಬಂದದ್ದು.

ಆಕೆ ನಂಬಲಿಲ್ಲ. ಆಗ ಅರ್ಧನಾರಿ ಬಾಗಿಲಲ್ಲಿ ನಿಂತು, ಅಮ್ಮ ಈಗ ಬಂದ ಸರ್ಕಾರಿ ಬಸ್ಸಿನ ಹಿಂದಿನ ಚಕ್ರಗಳೂ ರಬ್ಬರು ಕಟ್ಟಿದವೇ, ಸರ್ಕಾರವೇ ಅದಕ್ಕೆಂದು ಕಾರ್ಖಾನೆ ಇಟ್ಟುಕೊಂಡಿದೆ ಎಂದ. ಪಾವಾಯಿ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತನಗೆ ಸೀಟು ಸಿಕ್ಕಿದ್ದು ಮುಂದೆ ಎಂದಳು.

ಅದಾದ ಮೇಲೆ ಮದುವೆಯ ಮಾತಿಗೆ ಬಂದಳು. ಹೂ ಕೇಳೋಣ ಎಂದಳು. ನಮ್ಮಲ್ಲಿ ದೊಡ್ಡ ಸಂಗತಿಗಳಿಗೆಲ್ಲ ಹೂ ಕೇಳಿಯೇ ಮುಂದಿನ ಹೆಜ್ಜೆ. ಎಲೆಯಲ್ಲಿ ಒಂದು ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಹೂ ಕಟ್ಟಿ ದೇವರ ಮುಂದಿಟ್ಟು, ಏನೂ ಅರಿಯದ ಕೂಸಿನಿಂದ ಒಂದನ್ನು ಎತ್ತಿಸುವುದು. ಬಿಳಿ ಬಂದರೆ ಹೂಂ, ಕೆಂಪು ಬಂದರೆ ಊಹೂಂ. ಕೊಲ್ಲಿಮಲೆಯ ಶಿವನ ಮುಂದೆ ಬರುವ ಶುಕ್ರವಾರ ಕೇಳುವುದು. ತಮ್ಮನ ಲಾರಿಯಲ್ಲೇ ಹೋಗುವುದು, ಆ ಗಾಡಿಯ ಮುಂದಿನ ಚಕ್ರಗಳೆರಡಕ್ಕೂ ತನ್ನ ಗಂಡ ಕೊಂಡಿಟ್ಟ ಹೊಸ ಟೈರುಗಳನ್ನು ಹಾಕಿಸುವುದು. ಅವರೇ ಮುಂದೆ ನಿಂತು ನಡೆಸಿದ ಹಾಗಾಗುತ್ತದೆ ಎಂದಳು. ನೆಂಟರ ಹೆಂಗಸರೆಲ್ಲ ಹಿಂದೆ ಲಾರಿಯ ತೊಟ್ಟಿಯಲ್ಲಿ ಕೂತು ಬರುತ್ತಾರೆ.

"ಅಕ್ಕಾ, ಅದು ಕಾನೂನಿಗೆ ವಿರುದ್ಧ" ಎಂದೆ ನಾನು. "ಸರಕಿನ ಗಾಡಿಯಲ್ಲಿ ಜನ ತುಂಬಂಗಿಲ್ಲ."

ಆಕೆ ಹಳದಿ ಕೈಚೀಲವನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡಳು. ಎದ್ದು ಹೋಗುವಾಗ, ಟೈರು ಏರಿಸಲು ಬುಧವಾರ ನಿನ್ನ ಆಳನ್ನು ಕರಕೊಂಡು ಬಾ, ಅಲ್ಲೇ ಊಟ ಎಂದು ಹೇಳಿ ಹೋದಳು. ನೆಂಟರು ಬಸ್ಸಿನಲ್ಲಿ ಬರಲಿ ಎಂದೂ ಹೇಳಿದಳು.

ಬುಧವಾರ ಮಾಂಬಳದ ಸೀರೆ ಉಟ್ಟೆ. ಅರ್ಧನಾರಿ ಟೈರು ಬಿಚ್ಚುವ ಸಲಾಕೆಗಳ ಚೀಲ ಹೊತ್ತು ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತವನು, ಗಂಡು ನೋಡೋಕೆ ಸಲಾಕೆ ಹೊತ್ಕೊಂಡು ಹೋಗ್ತಿರೋದು ನಾವೇ ಮೊದಲಿರಬೇಕು ಎಂದ.

ಸಂಕಗಿರಿಯ ಮನೆಯಲ್ಲಿ ಪಾವಾಯಿ ಅಕ್ಕ ನಮ್ಮನ್ನು ನೇರ ದೇವರ ಮನೆಗೆ ಕರೆದುಕೊಂಡು ಹೋದಳು. ಮುರುಗನ ಪಟ, ಕುಲದೇವತೆಯ ಕಳಸ, ಗಂಡ ಚೆನ್ನಿಯಪ್ಪನ್ ಅವರ ಫೋಟೋ. ಫೋಟೋದ ಎರಡು ಬದಿಗೆ ದ್ವಾರಪಾಲಕರ ಹಾಗೆ ಗೋಡೆಗೊರಗಿ ನಿಂತ ಎರಡು ಲಾರಿ ಟೈರು. ಮಿರಿಮಿರಿ ಮಿಂಚುತ್ತಿದ್ದವು. ಅರಿಸಿನ, ಕುಂಕುಮ, ಸಂಪಿಗೆಯ ಹಾರ. ಎರಡರ ನಡುವೆ ದೀಪ.

ಚೆನ್ನಿಯಪ್ಪನ್ ಆ ಜೋಡಿಯನ್ನು ಕೊಂಡು ತಂದ ಸಂಜೆಯೇ ಎದೆನೋವು ಬಂದು ಹೋದವರು. ಟೈರುಗಳನ್ನು ಗಾಡಿಗೆ ಏರಿಸಲು ಹೊತ್ತಾಗಲಿಲ್ಲ. ಆಮೇಲೆ ಆಕೆಗೆ ಮನಸ್ಸಾಗಲಿಲ್ಲ. ಹತ್ತು ವರ್ಷದಿಂದ ಪ್ರತಿ ಶುಕ್ರವಾರ ಮೆತ್ತನೆಯ ಬಟ್ಟೆಯನ್ನು ಎಳ್ಳೆಣ್ಣೆಯಲ್ಲಿ ಅದ್ದಿ ಅವುಗಳ ಮೈ ಒರೆಸುತ್ತಾಳೆ. ಹೊಳಪು ಹೋಗಬಾರದೆಂದು.

"ಒಂದು ಮೈಲಿಯೂ ಓಡಿಲ್ಲ" ಎಂದಳು, ಹೆಮ್ಮೆಯಿಂದ.

ನಾನು ಬಗ್ಗಿ ನಮಸ್ಕಾರ ಮಾಡುವ ನೆಪದಲ್ಲಿ ಒಂದರ ಪಕ್ಕೆಯ ಮೇಲೆ ಕೈಯಿಟ್ಟೆ. ಬೆರಳು ಅಂಟಿತು. ಉಗುರು ಒತ್ತಿದೆ, ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಎಣ್ಣೆ ರಬ್ಬರಿಗೆ ವಿಷ. ಹೊಳಪಿನ ಕೆಳಗೆ, ರಿಮ್ಮಿಗೆ ಕೂರುವ ಅಂಚಿನಲ್ಲಿ, ಸುತ್ತಲೂ ಸಣ್ಣ ಸಣ್ಣ ಬಿರುಕು. ಅರ್ಧನಾರಿಯೂ ನೋಡಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಊಟಕ್ಕೆ ಕೂರಿಸಿದಳು. ಅಕ್ಕಿಬೇಳೆ ಅನ್ನ, ಮೇಲೆ ತುಪ್ಪ, ಬದನೆಕಾಯಿ ಹುಳಿ. ನಾಚಿಮುತ್ತು ಎದುರಿಗೆ ಕೂತಿದ್ದರು. ನನ್ನ ಸೀರೆ ನೋಡಿ ಅವರ ಕಿವಿ ಕೆಂಪಾಗಿತ್ತು. ಪಾವಾಯಿ ಅಕ್ಕ ನನ್ನ ಎಲೆಗೆ ಕೇಳದೆಯೇ ಇನ್ನೊಂದು ಸೌಟು ತುಪ್ಪ ಸುರಿದಳು. ಕೇಳದೆ ತುಪ್ಪ ಸುರಿಯುವ ಹೆಂಗಸು ಅರ್ಧ ಒಪ್ಪಿದ ಹಾಗೆ. ನನ್ನ ಮನಸ್ಸಿನಲ್ಲಿ ಎರಡು ಲಾರಿ ಎದುರುಬದುರು ನಿಂತು ಹಾರ್ನ್ ಒತ್ತುತ್ತಿದ್ದವು. ಹೇಳಿದರೆ, ಸತ್ತ ಗಂಡನ ಕೊನೆಯ ಕೊಡುಗೆಯನ್ನು ಗುಜರಿ ಎಂದ ಹಾಗೆ. ಅದೂ ಯಾರು, ರಿಟ್ರೆಡ್ ಮಾರುವವಳು ಹೊಸ ಟೈರನ್ನು ಹಳಿದರೆ ಯಾರು ನಂಬುತ್ತಾರೆ? ಹೂವೂ ಇಲ್ಲ, ಮದುವೆಯೂ ಇಲ್ಲ. ಹೇಳದಿದ್ದರೆ ಕೊಲ್ಲಿಮಲೆಯ ಎಪ್ಪತ್ತು ತಿರುವು, ಮುಂದೆ ಆ ಎರಡು ಟೈರು, ಸ್ಟೀರಿಂಗ್ ಹಿಡಿದವರು ಈ ಕೆಂಪು ಕಿವಿಯವರು.

ದಾರಿಯಲ್ಲಿ ಗಾಳಿ ಕಡಿಮೆ ಹಾಕಿಸಿಬಿಡೋಣವೇ, ಬ್ರೇಕು ಕೆಟ್ಟಿದೆ ಎನ್ನೋಣವೇ, ನನಗೇ ಜ್ವರ ಬಂದಿದೆ ಎನ್ನೋಣವೇ ಎಂದೆಲ್ಲ ಯೋಚಿಸಿದೆ. ನೀರು ಕುಡಿದೆ. ಕುಡಿದ ಮೇಲೆ ಬಾಯಿ ತಾನಾಗಿ ಹೇಳಿಬಿಟ್ಟಿತು.

"ಅಕ್ಕಾ, ಆ ಟೈರು ಗಾಡಿಗೆ ಹಾಕಬಾರದು. ಅವು ಸತ್ತುಹೋಗಿವೆ."

ತುಪ್ಪದ ಸೌಟು ಗಾಳಿಯಲ್ಲೇ ನಿಂತಿತು. ಪಾವಾಯಿ ಅಕ್ಕ ಕೂಗಾಡಲಿಲ್ಲ. ದನಿ ತಗ್ಗಿಸಿಯೇ ಮಾತಾಡಿದಳು, ಅದು ಇನ್ನೂ ಕಷ್ಟ.

"ಸವೆದು ಬಿದ್ದಿದ್ದಕ್ಕೆಲ್ಲ ಜೀವ ಇದೆ ಅಂತೀಯ. ಓಡದೇ ಇರೋದು ಸತ್ತಿದೆ ಅಂತೀಯ. ನಿನ್ನ ವ್ಯಾಪಾರಕ್ಕೆ ಚೆನ್ನಾಗಿದೆ ಅಮ್ಮಿಣಿ ಈ ನ್ಯಾಯ."

ನಾನು ಎಣ್ಣೆಯ ವಿಷಯ ಹೇಳಿದೆ, ಬಿರುಕಿನ ವಿಷಯ ಹೇಳಿದೆ. ಆಕೆ ಕೇಳಲಿಲ್ಲ. ತಮ್ಮನ ಕಡೆ ತಿರುಗಿದಳು. ನಾಚಿಮುತ್ತು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಅಕ್ಕಾ, ಆ ತಿರುವುಗಳಲ್ಲಿ ಸ್ಟೀರಿಂಗ್ ಹಿಡಿಯೋನು ನಾನು. ನಿಮ್ಮಿಬ್ಬರಲ್ಲಿ ಯಾರು ಹೇಳಿದ್ದು ಸರಿ ಅಂತ ಅಲ್ಲಿ ಹೋಗಿ ತಿಳ್ಕೊಳ್ಳೋದು ಬೇಡ."

ಆಗ ನನಗೆ ಪಂಜರದ ನೆನಪಾಯಿತು. ನಮ್ಮ ಶೆಡ್ಡಿನಲ್ಲಿ ದಪ್ಪ ಕಬ್ಬಿಣದ ಪಂಜರವಿದೆ. ರಿಮ್ಮಿಗೆ ಏರಿಸಿದ ಟೈರನ್ನು ಅದರೊಳಗಿಟ್ಟು, ಉದ್ದ ಕೊಳವೆಯಿಂದ ದೂರ ನಿಂತು ಗಾಳಿ ತುಂಬುವುದು. ಒಡೆದರೆ ಪಂಜರದೊಳಗೇ ಒಡೆಯಲಿ ಎಂದು. ನಾಳೆ ಒಂದು ಟೈರನ್ನು ತನ್ನಿ, ಲಾರಿಗೆ ಹಾಕುವಷ್ಟೇ ಗಾಳಿ ಹಾಕೋಣ, ತಡೆದುಕೊಂಡರೆ ನಾನೇ ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ, ಆಮೇಲೆ ನಿಮ್ಮ ತಮ್ಮನ ಹೆಸರೂ ಎತ್ತುವುದಿಲ್ಲ ಎಂದೆ. ಕೊನೆಯ ಮಾತು ಯಾಕೆ ಆಡಿದೆನೋ. ನಾಚಿಮುತ್ತು ಅವರ ಕಿವಿಯ ಕೆಂಪು ಇಳಿದುಹೋಯಿತು.

ಪಾವಾಯಿ ಅಕ್ಕ ಸೌಟು ಪಾತ್ರೆಗೆ ಹಾಕಿದಳು. "ಆಗಲಿ" ಎಂದಳು.

ಗುರುವಾರ ಬೆಳಿಗ್ಗೆ ನನ್ನ ಶೆಡ್ಡಿನ ಮುಂದೆ ಮದುವೆ ಮನೆಯ ಜನ. ಪಾವಾಯಿ ಅಕ್ಕನ ಓರಗಿತ್ತಿಯರು, ಅವರ ಸೊಸೆಯರು, ಎದುರಿನ ಟೀ ಅಂಗಡಿಯವನು, ಟೀಗೆ ನಿಲ್ಲಿಸಿದ ಮೊಟ್ಟೆ ವ್ಯಾನಿನವನು. ಟೈರು ಬಂದದ್ದು ಹಾರ ಹಾಕಿಕೊಂಡೇ. ಅರ್ಧನಾರಿ ಹಾರ ತೆಗೆದು ಕಣ್ಣಿಗೊತ್ತಿಕೊಂಡು ಗೂಟಕ್ಕೆ ನೇತು ಹಾಕಿದ. ಟೈರನ್ನು ರಿಮ್ಮಿಗೆ ಏರಿಸಿ ಪಂಜರದಲ್ಲಿಟ್ಟ. ನಾನು ಎಲ್ಲರನ್ನೂ ಗೋಡೆಯ ಹಿಂದಕ್ಕೆ ಅಟ್ಟಿದೆ. ಇಣುಕುತ್ತಿದ್ದ ಓರಗಿತ್ತಿಯೊಬ್ಬಳನ್ನು ಜಡೆ ಹಿಡಿದು ಎಳೆಯಬೇಕಾಯಿತು.

ಗಾಳಿ ಏರತೊಡಗಿತು. ನಾನು ಮಾಪಕದ ಮುಳ್ಳು ನೋಡುತ್ತಿದ್ದೆ. ಅದು ಮೇಲೇರಿದಷ್ಟೂ ನನಗೇ ಗೊತ್ತಾಗದೆ ಎರಡು ಬೇಡಿಕೆ ಒಟ್ಟಿಗೆ ಬಂದವು. ಒಡೆಯಲಿ, ನನ್ನ ಮಾತು ಉಳಿಯಲಿ. ಒಡೆಯದಿರಲಿ, ಈಕೆ ಹತ್ತು ವರ್ಷ ಒರೆಸಿದ್ದು ಉಳಿಯಲಿ. ಪಕ್ಕದಲ್ಲಿ ಪಾವಾಯಿ ಅಕ್ಕ ನಿಂತಿದ್ದಳು. ಆಕೆಯ ತುಟಿ ಅಲುಗುತ್ತಿತ್ತು. ಮುಳ್ಳು ಅರ್ಧ ದಾಟಿತು. ಇನ್ನೂ ಏರಿತು. ಆಕೆ ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವ ಹಾಗೆ ಹುಬ್ಬೇರಿಸಿದಳು.

ಆಮೇಲೆ ಒಡೆಯಿತು.

ಆ ಸದ್ದನ್ನು ಹೇಗೆ ಹೇಳಲಿ. ಗೋಡೆ ನಡುಗಿತು. ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಧೂಳು, ಹಳೆಯ ಎಳ್ಳೆಣ್ಣೆಯ ವಾಸನೆ. ಮೊಟ್ಟೆ ವ್ಯಾನಿನವನು ಟೀ ಅಂಗಡಿಗೆ ಕೊಡಲೆಂದು ಆಗತಾನೆ ತಲೆಯ ಮೇಲೇರಿಸಿಕೊಂಡಿದ್ದ ಮೊಟ್ಟೆಯ ಟ್ರೇಗಳು ಕೆಳಗೆ ಬಂದವು. ಅವನು ಮಾತ್ರ ಹೊತ್ತ ಭಂಗಿಯಲ್ಲೇ ಕೈ ಮೇಲೆತ್ತಿ ನಿಂತಿದ್ದ, ಹಣೆಯಿಂದ ಹಳದಿ ಇಳಿಯುತ್ತಿತ್ತು.

ಎಲ್ಲರೂ ಪಾವಾಯಿ ಅಕ್ಕನನ್ನು ನೋಡುತ್ತಿದ್ದರು. ಆಕೆ ಪಂಜರದ ಹತ್ತಿರ ಹೋದಳು. ಹರಿದ ರಬ್ಬರಿನ ನಾಲಗೆಯೊಂದು ಕಂಬಿಗಳ ನಡುವಿನಿಂದ ಹೊರಗೆ ಜೋತುಬಿದ್ದಿತ್ತು. ಅದನ್ನು ಮುಟ್ಟಿದಳು. ಮೂಗಿಗೆ ಹಿಡಿದಳು. ಮೊದಲು ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ನಾನು ಓಡಿಹೋದೆ. ಮುಖ ನೋಡಿದರೆ ಕಣ್ಣಲ್ಲಿ ನೀರೂ ಇತ್ತು, ಅವಳು ನಗುತ್ತಲೂ ಇದ್ದಳು.

"ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ರು ಕಣೇ. ಒಂದು ದಿನ ದನಿ ಎತ್ತಿದವರಲ್ಲ. ಉಪ್ಪು ಹೆಚ್ಚಾದ್ರೂ ಸರಿ ಅಂತಿದ್ರು, ಬಸ್ಸು ತಪ್ಪಿದ್ರೂ ಸರಿ ಅಂತಿದ್ರು. ಇವತ್ತು ನೋಡು. ಹೋಗಿ ಹತ್ತು ವರ್ಷ ಆದ್ಮೇಲೆ ಹೆಂಗೆ ಕೂಗಿದ್ರು."

ಮೊದಲು ನಕ್ಕವಳು ಜಡೆ ಎಳೆಸಿಕೊಂಡ ಓರಗಿತ್ತಿ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸೊಸೆಯೊಬ್ಬಳು ನೆಲದ ಮೇಲೆಯೇ ಕೂತಳು. ನಾಚಿಮುತ್ತು ನಗಲು ನಾಚಿ ಗೋಡೆಯ ಕಡೆ ತಿರುಗಿ ನಿಂತು ಅಲುಗುತ್ತಿದ್ದರು. ಮೊಟ್ಟೆಯವನು ಕೂಡ ಹಣೆ ಒರೆಸಿಕೊಂಡು, ಯಾರ ಗಂಡ ಅಮ್ಮಾ, ಎಲ್ಲಿ ಎಂದು ಕೇಳಿದ. ಅದಕ್ಕೂ ಮತ್ತೊಂದು ಸುತ್ತು ನಗು.

ನಗು ಇಳಿದ ಮೇಲೆ ಓರಗಿತ್ತಿಯರಲ್ಲಿ ಚರ್ಚೆ ಶುರುವಾಯಿತು. ಒಬ್ಬಳು ಇದು ಅಪಶಕುನ ಎಂದಳು. ಇನ್ನೊಬ್ಬಳು, ಮದುವೆಗೆ ಮುಂಚೆ ಪಟಾಕಿ ಹೊಡೆಯೋದಿಲ್ವಾ ಎಂದಳು. ಪಾವಾಯಿ ಅಕ್ಕ ಇಬ್ಬರನ್ನೂ ಸುಮ್ಮನಿರಿಸಿದಳು. ನನ್ನ ಪಕ್ಕದಲ್ಲಿ ಟೈರಿನ ರಾಶಿಯ ಮೇಲೆ, ಮೊದಲ ದಿನ ಕೂತ ಜಾಗದಲ್ಲೇ ಕೂತಳು.

"ಓಡದಿದ್ರೆ ಸವೆಯಲ್ಲ ಅಂದ್ಕೊಂಡಿದ್ದೆ" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

ಒಂಬತ್ತು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಬಣ್ಣದ ಸೀರೆ ಉಡದಿದ್ದರೆ, ಗಟ್ಟಿಯಾಗಿ ನಗದಿದ್ದರೆ, ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆಗೊರಗಿ ನಿಂತಿದ್ದರೆ ಹಾಗೇ ಉಳಿಯುತ್ತೇನೆಂದು. ದಿನವೂ ಲಾರಿಯವರು ತರುತ್ತಿದ್ದ ಕಲ್ಲು ಕಚ್ಚಿದ, ಬಿಸಿಲು ಕುಡಿದ ಟೈರುಗಳನ್ನು ತಟ್ಟಿ, ಇದಕ್ಕೆ ಇನ್ನೂ ಜೀವ ಇದೆ ಎಂದು ಹೇಳುತ್ತಿದ್ದವಳು ನಾನೇ. ಹೇಳಿದ ಮಾತು ಹೇಳಿದವಳ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

ಟೀ ಅಂಗಡಿಯವನು ಒಡೆದ ಮೊಟ್ಟೆಗಳಲ್ಲಿ ಟ್ರೇಯೊಳಗೇ ಉಳಿದುಕೊಂಡದ್ದನ್ನೆಲ್ಲ ಬಾಚಿ ಎಲ್ಲರಿಗೂ ಮೆಣಸು ಹಾಕಿದ ಮೊಟ್ಟೆ ದೋಸೆ ಹೊಯ್ದುಕೊಟ್ಟ. ಪಾವಾಯಿ ಅಕ್ಕ ತಿನ್ನುತ್ತಲೇ ಅರ್ಧನಾರಿಯನ್ನು ಕರೆದು, ದೇವರ ಮನೆಯಲ್ಲಿ ಉಳಿದ ಇನ್ನೊಂದು ಟೈರನ್ನು ಏನು ಮಾಡುವುದೆಂದು ಕೇಳಿದಳು. ಗಾಡಿಗಂತೂ ಬೇಡ, ಬೇವಿನ ಮರಕ್ಕೆ ಹಗ್ಗ ಕಟ್ಟಿ ಉಯ್ಯಾಲೆ ಮಾಡೋಣ ಎಂದ ಅವನು. ಆಕೆ ಸ್ವಲ್ಪ ಯೋಚಿಸಿ, ತನ್ನ ಭಾರ ತಡೆಯುತ್ತದೆಯೇ ಎಂದು ಕೇಳಿದಳು.

ಶುಕ್ರವಾರ ಕೊಲ್ಲಿಮಲೆ ಹತ್ತಿದೆವು. ಮುಂದೆ ಅಂಗಡಿಯಿಂದ ಆ ಬೆಳಿಗ್ಗೆಯೇ ತಂದ ಹೊಸ ಟೈರು, ಹಿಂದಿನ ನಾಲ್ಕರಲ್ಲೂ ನನ್ನ ಹೆಸರು. ಕ್ಯಾಬಿನ್ನಿನಲ್ಲಿ ನಾಚಿಮುತ್ತು, ಕಿಟಕಿಯ ಪಕ್ಕ ನಾನು, ನಮ್ಮಿಬ್ಬರ ನಡುವೆ ಗೋಡೆಯ ಹಾಗೆ ಪಾವಾಯಿ ಅಕ್ಕ. ನೆಂಟರು ಹಿಂದೆ ಬಸ್ಸಿನಲ್ಲಿ. ಪ್ರತಿ ತಿರುವಿನಲ್ಲೂ ಆ ಬಸ್ಸಿನ ಕಿಟಕಿಗಳಿಂದ ಕೈಗಳು ಹೊರಬಂದು ನಮ್ಮ ಕಡೆ ಬೀಸುತ್ತಿದ್ದವು. ಗಾಡಿ ಎಡಕ್ಕೆ ವಾಲಿದಾಗ ಪಾವಾಯಿ ಅಕ್ಕ ನನ್ನ ಮೇಲೆ, ಬಲಕ್ಕೆ ವಾಲಿದಾಗ ನಾವಿಬ್ಬರೂ ನಾಚಿಮುತ್ತು ಅವರ ಮೇಲೆ. ಮೊದಲು ಆಕೆ ಪ್ರತಿ ಸಲ ಸೆರಗು ಸರಿಮಾಡಿಕೊಂಡಳು. ಅರ್ಧ ಬೆಟ್ಟ ಹತ್ತುವ ಹೊತ್ತಿಗೆ ಬಿಟ್ಟುಬಿಟ್ಟಳು. ಇನ್ನೂ ಮೇಲೆ, ಮೋಡ ಕೆಳಗೆ ಕಾಣತೊಡಗಿದಾಗ, ತಿರುವು ಬರುವ ಮುಂಚೆಯೇ, ಬಂತು ಬಂತು ಎಂದು ನನ್ನ ಕೈ ಹಿಡಿದುಕೊಂಡು ಕಾಯುತ್ತಿದ್ದಳು. ಜಾತ್ರೆಯ ತೊಟ್ಟಿಲಲ್ಲಿ ಕೂತ ಹುಡುಗಿಯ ಹಾಗೆ.

ದೇವಸ್ಥಾನದಲ್ಲಿ ಎಲೆಯ ಪೊಟ್ಟಣಗಳು ಸಿದ್ಧವಾದವು. ಯಾರದೋ ಪುಟ್ಟ ಹುಡುಗಿ, ಬಾಯಲ್ಲಿ ಬಾಳೆಹಣ್ಣು ತುಂಬಿಕೊಂಡು ನಿಂತಿತ್ತು. ನಾಚಿಮುತ್ತು ಕಣ್ಣು ಮುಚ್ಚಿದ್ದರು. ಅರ್ಚಕರು ಏನು ಕೇಳಬೇಕಮ್ಮಾ ಎಂದರು.

ಪಾವಾಯಿ ಅಕ್ಕ ಕೈಮುಗಿದಳು. "ನನ್ನ ಎಲ್ಲಾ ಗಾಡಿಗಳ ಹಿಂದಿನ ಚಕ್ರಕ್ಕೆ ರಿಟ್ರೆಡ್ ಹಾಕಿಸಬಹುದಾ ಅಂತ ಕೇಳಿ."

ಅರ್ಚಕರು ಇನ್ನೊಮ್ಮೆ ಹೇಳಿಸಿಕೊಂಡರು. ನಾನು ಬಿಟ್ಟ ಬಾಯಿ ಮುಚ್ಚಲಿಲ್ಲ. ನಾಚಿಮುತ್ತು ಕಣ್ಣು ತೆರೆದು, "ಅಕ್ಕಾ, ಮದುವೆ?" ಎಂದರು.

"ಅದನ್ನ ನಾನೇ ತೀರ್ಮಾನ ಮಾಡಾಯ್ತು. ನಿನ್ನ ಭಾವನೂ ಅಷ್ಟು ಜೋರಾಗಿ ಹೇಳಿದ್ದಾರೆ. ಅದಕ್ಕೆಲ್ಲ ದೇವರಿಗೆ ಯಾಕೆ ತೊಂದರೆ ಕೊಡೋದು?"

ಹುಡುಗಿ ಒಂದು ಪೊಟ್ಟಣ ಎತ್ತಿಕೊಟ್ಟಿತು. ಅರ್ಚಕರು ಬಿಚ್ಚಿದರು. ಕೆಂಪು ಹೂ.

ದೇವರು ನನ್ನ ಕಸುಬನ್ನು ಒಪ್ಪಲಿಲ್ಲ. ನನಗೆ ಬೇಸರವಾಗಬೇಕಿತ್ತು. ಆದರೆ ಪಕ್ಕದಲ್ಲಿ ನಾಚಿಮುತ್ತು ಅವರ ಕಿವಿ ಮತ್ತೆ ಆ ಹೂವಿನಷ್ಟೇ ಕೆಂಪಾಗಿದ್ದನ್ನು ನೋಡುತ್ತ, ಗರ್ಭಗುಡಿಯ ಮುಂದೆ ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಓರಗಿತ್ತಿಯರು ಹಿಂದೆ ಕಿಸಕ್ಕೆಂದರು.

ಪಾವಾಯಿ ಅಕ್ಕ ಹೂವನ್ನು ನೋಡಿದಳು. ದೇವರನ್ನು ನೋಡಿದಳು. ಎದುರಿಗೆ ಕೂತ ಕಲ್ಲಿನ ನಂದಿಯನ್ನು ನೋಡಿದಳು. ನಂದಿಯ ಹತ್ತಿರ ಹೋಗಿ, ಮಡಚಿದ ಕಾಲಿನ ಗೊರಸನ್ನು ಬೆರಳಿನಿಂದ ಟಕಟಕ ತಟ್ಟಿ, ಕಿವಿಯಿಟ್ಟು ಕೇಳಿದಳು. ನನ್ನ ಶೆಡ್ಡಿನಲ್ಲಿ ನಾನು ತಟ್ಟುವುದನ್ನು ಯಾವಾಗ ನೋಡಿ ಕಲಿತಳೋ.

"ಇದಕ್ಕೆ ಲಾಳ ಸವೆದಾಗೆಲ್ಲ ಹೊಸದು ಹೊಡೆಸಿಯೇ ತಾನೆ ನೀನು ಊರೂರು ಸುತ್ತಿದ್ದು?" ಎಂದು ಒಳಗಿನ ದೇವರನ್ನು ಕೇಳಿದಳು. ಆಮೇಲೆ ಅರ್ಚಕರ ಕಡೆ ತಿರುಗಿ, ಇನ್ನೊಂದ್ಸಲ ಕೇಳಿ ಸಾಮಿ, ದೇವರಿಗೆ ಪ್ರಶ್ನೆ ಸರಿಯಾಗಿ ತಿಳಿದಿಲ್ಲ ಎಂದಳು.